ಅಪ್ಪ ಏನು ಮಾಡುತ್ತಾನೆ?

ಪ್ರತಿ ವರ್ಷ ಜೂನ್ ಎರಡನೇ ವಾರ ನಮ್ಮ ಶಾಲೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ತಂದೆತಾಯಂದಿರು ಕೇಳುವ ಪ್ರಶ್ನೆ ಒಂದೇ. "ಮ್ಯಾಡಮ್, ಯಾವುದು ಹೆಚ್ಚು ಸ್ಕೋರಿಂಗು? ಸಂಸ್ಕೃತವೋ, ಜರ್ಮನ್ನೋ?"

ನಾನು ಪುಣೆಯ ಒಂದು ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಯಲ್ಲಿ ಜರ್ಮನ್ ಕಲಿಸುತ್ತೇನೆ. ನಮ್ಮಲ್ಲಿ ಎಂಟನೆಯ ತರಗತಿಗೆ ಬಂದ ಮಕ್ಕಳು ಮರಾಠಿ, ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯನ್ನು ಆರಿಸಿಕೊಳ್ಳಬೇಕು. ಹಿಂದಿ, ಸಂಸ್ಕೃತ, ಜರ್ಮನ್ ಮೂರೂ ಪಟ್ಟಿಯಲ್ಲಿವೆ. ಕಾಳಿದಾಸನಿಗಾಗಿ ಸಂಸ್ಕೃತ ತೆಗೆದುಕೊಂಡ ಹುಡುಗನನ್ನೂ, ಗ್ಯೋಟೆಗಾಗಿ ಜರ್ಮನ್ ತೆಗೆದುಕೊಂಡ ಹುಡುಗಿಯನ್ನೂ ನಾನು ಈವರೆಗೆ ಕಂಡಿಲ್ಲ. ಎರಡರಲ್ಲೂ ಅಂಕ ಸುಲಭವಾಗಿ ಬೀಳುತ್ತವೆ ಎನ್ನುವುದು ಊರಿಗೆಲ್ಲ ಗೊತ್ತು. ಜರ್ಮನ್‌ಗೆ ಇನ್ನೊಂದು ಆಸೆಯೂ ಅಂಟಿಕೊಂಡಿದೆ: ಚಾಕಣದ ಕಾರ್ಖಾನೆಗಳು, ಮುಂದೆ ಜರ್ಮನಿಯಲ್ಲಿ ಕಡಿಮೆ ಖರ್ಚಿನ ಎಂಜಿನಿಯರಿಂಗ್ ಓದು. 2009ರಲ್ಲಿ ಫೋಕ್ಸ್‌ವ್ಯಾಗನ್ ಚಾಕಣದಲ್ಲಿ ಕಾರ್ಖಾನೆ ತೆರೆದ ವರ್ಷ ನನ್ನ ತರಗತಿ ಮೂವತ್ತರಿಂದ ಐವತ್ತಕ್ಕೆ ಏರಿತು. ಅಲ್ಲಿಂದ ಇಳಿದೇ ಇಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು, 2001ರಿಂದ ಇದೇ ಶಾಲೆಯಲ್ಲಿದ್ದೇನೆ. ಧಾರವಾಡದಲ್ಲಿ ಬಿ.ಎ. ಓದುವಾಗ ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತೆ. ಆಗ ಅವ್ವ ಕೇಳಿದ್ದಳು, "ಆ ಭಾಷಾ ಕಲ್ತು ಯಾರ ಸಂಗತಿ ಮಾತಾಡಾಕಿ?" ಒಳ್ಳೆಯ ಪ್ರಶ್ನೆ. ನನ್ನ ಬಳಿ ಉತ್ತರ ಇರಲಿಲ್ಲ. ಬಾಸೆಲ್ ಮಿಷನ್ನಿನ ಶಾಲೆ ಇದ್ದ ಊರು, ಕಿಟೆಲ್ ಓಡಾಡಿದ ನೆಲ, ನಮ್ಮ ಮನೆಯ ಮಾಡಿನ ಹೆಂಚೂ ಮಂಗಳೂರಿನದು. ಆ ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಹಾಕಿದವನು ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ. ಇದನ್ನೆಲ್ಲ ಆಗ ಅವ್ವನಿಗೆ ಹೇಳಬಹುದಿತ್ತು. ಆದರೆ ನಿಜವಾದ ಕಾರಣ ಬೇರೆ. ಸಂಜೆ ಒಂದು ತಾಸು ಮನೆಯಿಂದ ಹೊರಗಿರಲು ಅದೊಂದು ನೆಪವಾಗಿತ್ತು. ನೆಪಕ್ಕೆ ಹಿಡಿದ ಭಾಷೆ ಮುಂದೆ ಅನ್ನ ಕೊಟ್ಟಿತು.

ಇಂದು ಹೇಳಬೇಕೆಂದಿರುವುದು ಇಪ್ಪತ್ತು ಅಂಕಗಳ ಕಥೆ.

ನಮ್ಮಲ್ಲಿ ಹತ್ತನೆಯ ತರಗತಿಯ ಭಾಷಾ ವಿಷಯಗಳಿಗೆ ನೂರರಲ್ಲಿ ಎಂಬತ್ತು ಅಂಕ ಬರವಣಿಗೆಗೆ. ಉಳಿದ ಇಪ್ಪತ್ತನ್ನು ಶಾಲೆಯೇ ಕೊಡುತ್ತದೆ. ಅದರಲ್ಲಿ ಮಾತಿನ ಪರೀಕ್ಷೆಯೂ ಸೇರಿದೆ. ಮಗುವನ್ನು ಮುಂದೆ ಕೂರಿಸಿಕೊಂಡು ಜರ್ಮನ್‌ನಲ್ಲಿ ಪ್ರಶ್ನೆ ಕೇಳಬೇಕು, ಅದು ಜರ್ಮನ್‌ನಲ್ಲಿ ಉತ್ತರ ಕೊಡಬೇಕು. ಕೇಳಲು ಚೆಂದ. ನಡೆಯುವುದು ಹೀಗೆ: ಡಿಸೆಂಬರ್‌ನಲ್ಲಿ ನಾನು ಒಂದು ಹಾಳೆ ಹಂಚುತ್ತೇನೆ. ಅದರಲ್ಲಿ ಹದಿನೈದು ಪ್ರಶ್ನೆ, ಹದಿನೈದು ಉತ್ತರ. ನಿನ್ನ ಹೆಸರೇನು, ಎಲ್ಲಿಂದ ಬಂದೆ, ಹವ್ಯಾಸ ಏನು, ಅಪ್ಪ ಏನು ಮಾಡುತ್ತಾನೆ, ಅವ್ವ ಏನು ಮಾಡುತ್ತಾಳೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಫೆಬ್ರವರಿಯಲ್ಲಿ ಐವತ್ತು ಮಕ್ಕಳು ಸಾಲಾಗಿ ಬಂದು ಕೂತು, ನಮ್ಮ ಹವ್ಯಾಸ ಓದುವುದು ಎಂದು ಒಂದೇ ರಾಗದಲ್ಲಿ ಹೇಳಿ ಹೋಗುತ್ತಾರೆ. ಅವರಲ್ಲಿ ಒಂದು ಪುಸ್ತಕವನ್ನೂ ಪೂರ್ತಿ ಓದದವರು ನಲವತ್ತು ಜನ. ನನಗೂ ಗೊತ್ತು, ಅವರಿಗೂ ಗೊತ್ತು. ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು ಎಂದು ಬರೆಯುತ್ತಾ ಹೋಗುತ್ತೇನೆ.

ಒಮ್ಮೆ ಈ ಇಪ್ಪತ್ತನ್ನು ಮಂಡಳಿ ತೆಗೆದೇ ಹಾಕಿತ್ತು. ಶಾಲೆಗಳು ಕೈಬಿಚ್ಚಿ ಅಂಕ ಕೊಡುತ್ತವೆ ಎಂಬ ಟೀಕೆ ಬಹಳ ದಿನದಿಂದ ಇತ್ತು. 2019ರಲ್ಲಿ ಭಾಷೆಗಳಿಗೆ ಪೂರ್ತಿ ನೂರು ಅಂಕದ ಬರವಣಿಗೆ ಬಂತು. ಪಠ್ಯಕ್ರಮವೂ ಹೊಸದು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 89.41ರಿಂದ ಶೇ. 77.10ಕ್ಕೆ ಇಳಿಯಿತು. ಗದ್ದಲವಾಯಿತು, ಮುಂದಿನ ವರ್ಷವೇ ಇಪ್ಪತ್ತು ಅಂಕ ಮರಳಿ ಬಂದವು. ಆ ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ಭಾಷೆಯ ಶಿಕ್ಷಕರೆಲ್ಲ ಕೂತು ಮಂಡಳಿಯನ್ನು ಬೈದೆವು. ನಮ್ಮನ್ನು ಕಳ್ಳರೆಂದು ಕರೆದಂತಾಯಿತಲ್ಲ ಎಂದೆವು. ನಮ್ಮ ಹಾಳೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಹಾಳೆ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಒಂದು ಲೆಕ್ಕ ಹೇಳುತ್ತೇನೆ. ವಾರಕ್ಕೆ ನಾಲ್ಕು ಪಿರಿಯಡ್, ಒಂದೊಂದು ಮೂವತ್ತೈದು ನಿಮಿಷ. ವರ್ಷಕ್ಕೆ ಮೂವತ್ತೈದು ವಾರ ಪಾಠ ನಡೆದರೆ ಎಂಬತ್ತೊಂದು ತಾಸು ಚಿಲ್ಲರೆ. ಮೂರು ವರ್ಷ ಸೇರಿ ಹತ್ತಿರ ಹತ್ತಿರ 250 ತಾಸು. ತರಗತಿಯಲ್ಲಿ ಐವತ್ತು ಮಕ್ಕಳು. ನಾನು ಮೂರು ವರ್ಷ ಬಾಯಿಯನ್ನೇ ತೆರೆಯದೆ, ಹಾಜರಿ ಕರೆಯದೆ, ಬೋರ್ಡಿನ ಮೇಲೆ ಒಂದು ಅಕ್ಷರ ಬರೆಯದೆ, ಮಕ್ಕಳೇ ಒಬ್ಬರಾದ ಮೇಲೊಬ್ಬರು ಮಾತಾಡುತ್ತಾ ಹೋದರೂ ಒಂದು ಮಗುವಿನ ಪಾಲಿಗೆ ಬರುವುದು ಐದು ತಾಸು. ನಿಜದಲ್ಲಿ ಐದು ನಿಮಿಷವೂ ಬರುವುದಿಲ್ಲ. ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವನ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ, ಅದರ ಬಹುಪಾಲು ಸುತ್ತಲೂ ಕನ್ನಡ. ನಮ್ಮ ಮಕ್ಕಳಿಗೆ ಐದು ನಿಮಿಷ, ಸುತ್ತಲೂ ಟ್ಯೂಷನ್.

ಭಾಷೆಯ ಬಗ್ಗೆ ನಮ್ಮ ದೇಶದಲ್ಲಿ ಜಗಳಕ್ಕೆ ಕೊರತೆ ಇಲ್ಲ. 2011ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಗ್ಯೋಟೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಮೂರನೆಯ ಭಾಷೆಯಾಗಿ ಜರ್ಮನ್ ಕಲಿಸತೊಡಗಿದವು. ಈ ಸಂಸ್ಥೆಗೆ ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಹೆಸರು. ಭಾರತಕ್ಕೆ ಒಮ್ಮೆಯೂ ಬಾರದೆ ಋಗ್ವೇದವನ್ನು ಸಂಪಾದಿಸಿದ ಜರ್ಮನ್ ಪಂಡಿತನ ಹೆಸರು ಅದು. 2014ರ ಅಕ್ಟೋಬರ್‌ನಲ್ಲಿ, ಶಾಲಾ ವರ್ಷದ ನಡುವೆಯೇ, ಸಂಸ್ಕೃತದ ಬದಲು ಜರ್ಮನ್ ಕಲಿಸುವುದನ್ನು ನಿಲ್ಲಿಸಲು ತೀರ್ಮಾನವಾಯಿತು. ಆರರಿಂದ ಎಂಟನೆಯ ತರಗತಿಯ ಸುಮಾರು 70 ಸಾವಿರ ಮಕ್ಕಳು ಒಂದು ಭಾಷೆ ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಯಿತು. ಮಾತು ನ್ಯಾಯಾಲಯಕ್ಕೆ ಹೋಯಿತು. ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಬ್ರಿಸ್ಬೇನಿನಲ್ಲಿ ನಮ್ಮ ಪ್ರಧಾನಿಯವರ ಬಳಿ ಇದನ್ನು ಪ್ರಸ್ತಾಪಿಸಿದರು. ಆ ತಿಂಗಳುಗಳಲ್ಲಿ ಟಿವಿಯ ಎಲ್ಲ ಚರ್ಚೆಗಳನ್ನೂ ನಾನು ಕಣ್ಣು ಮಿಟುಕಿಸದೆ ನೋಡಿದೆ. ಯಾವ ಭಾಷೆ ನಮ್ಮದು, ಯಾವುದು ಹೊರಗಿನದು, ಯಾವುದರಿಂದ ನೌಕರಿ ಎಂದು ಎಲ್ಲರೂ ಮಾತಾಡಿದರು. ಮೂರು ವರ್ಷ ಕಲಿತ ಮಗುವಿಗೆ ಆ ಭಾಷೆಯಲ್ಲಿ ತನ್ನದೊಂದು ಮಾತು ಆಡಲು ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಆ ಹುಡುಗ ನನ್ನ ತರಗತಿಗೆ ಬಂದದ್ದು 2021ರಲ್ಲಿ, ಎಂಟನೆಯ ತರಗತಿಗೆ. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಪಾಲಿನಲ್ಲಿ ಒಂದನೆಯ ತರಗತಿಗೆ ಸೇರಿದವನು. ಆಗಿನ್ನೂ ಪಾಠ ಫೋನಿನಲ್ಲಿ ನಡೆಯುತ್ತಿತ್ತು. ಅವನ ಮನೆಗೆಲಸ ಯಾವಾಗಲೂ ಸಂಜೆ ಏಳೂವರೆಯೊಳಗೆ ಬರುತ್ತಿತ್ತು. ಉಳಿದವರದು ರಾತ್ರಿ ಹನ್ನೊಂದಕ್ಕೆ, ಹನ್ನೆರಡಕ್ಕೆ. ಶಿಸ್ತಿನ ಹುಡುಗ ಎಂದುಕೊಂಡಿದ್ದೆ. ಎಂಟು ಗಂಟೆಗೆ ಆ ಫೋನು ಅವನ ಅಪ್ಪನ ಕಿಸೆಯಲ್ಲಿ ಮನೆಯಿಂದ ಹೊರಗೆ ಹೋಗುತ್ತಿತ್ತು ಎಂದು ಗೊತ್ತಾದದ್ದು ಬಹಳ ತಡವಾಗಿ.

ಒಂಬತ್ತನೆಯ ತರಗತಿ ಶುರುವಾದ ವಾರ ಆಫೀಸಿನ ಕಿಟಕಿಯ ಹತ್ತಿರ ಒಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಹರುಕು ಮರುಕು ಮರಾಠಿಯಲ್ಲಿ ಏನೋ ಹೇಳುತ್ತಿದ್ದರು, ಕ್ಲರ್ಕಿಗೆ ತಿಳಿಯುತ್ತಿರಲಿಲ್ಲ. ನಡುವೆ ತಮ್ಮಷ್ಟಕ್ಕೆ ತಾವೇ "ಇವರಿಗೆ ಹೆಂಗ ಹೇಳೂದಪಾ" ಎಂದದ್ದು ನನ್ನ ಕಿವಿಗೆ ಬಿತ್ತು. ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. ಮುಖ ಅರಳಿತು. "ಅಕ್ಕೋರ, ನೀವು ನಮ್ಮ ಕಡ್ಯಾರ ಏನ್ರಿ?" ವಿಜಯಪುರ ಜಿಲ್ಲೆಯವರು. ಹದಿನೈದು ವರ್ಷದ ಹಿಂದೆ ಕಟ್ಟಡದ ಕೆಲಸಕ್ಕೆಂದು ಬಂದವರು ತಾವೇ ಕಟ್ಟಿದ ಒಂದು ಕಟ್ಟಡಕ್ಕೆ ಕಾವಲಾಗಿ ನಿಂತುಬಿಟ್ಟಿದ್ದರು. "ಎಂಟನೇತ್ತ ತನಕ ಫೀ ಇರಲಿಲ್ರಿ. ಇನ್ನ ಮುಂದ ನಾವ ಕಟ್ಟಬೇಕಂತ. ಕಂತು ಮಾಡಿ ಕೊಟ್ರ ಕಟ್ತೀನ್ರಿ. ಹುಡುಗ ಶಾಣ್ಯಾ ಅದಾನು, ಕಲೀಲಿ." ಕಾಯ್ದೆಯ ಆಸರೆ ಎಂಟನೆಯ ತರಗತಿಗೆ ಮುಗಿಯುತ್ತದೆ, ಮಗುವಿನ ಓದು ಮುಗಿಯುವುದಿಲ್ಲ. ನಾನು ಕ್ಲರ್ಕಿಗೆ ಅವರ ಮಾತನ್ನು ಮರಾಠಿಯಲ್ಲಿ ಹೇಳಿದೆ, ಕಂತಿನ ವ್ಯವಸ್ಥೆಯಾಯಿತು. ತಿರುಗಿ ನೋಡಿದರೆ ಹುಡುಗ ಕಂಬದ ಹಿಂದೆ ನಿಂತಿದ್ದ. ಅವನ ಅಪ್ಪ ಕನ್ನಡ ಮಾತಾಡಿದ್ದನ್ನು ಯಾರಾದರೂ ಕೇಳಿಸಿಕೊಂಡರೋ ಎಂದು ಅತ್ತಿತ್ತ ನೋಡುತ್ತಿದ್ದ. ನಾನು ಅವನೊಡನೆ ಮರಾಠಿಯಲ್ಲೇ ಮಾತಾಡಿದೆ. ಅದು ಅವನಿಗೆ ಬೇಕಾಗಿದ್ದ ಉಪಕಾರ ಎಂದು ಆಗ ಅನಿಸಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಜರ್ಮನ್‌ನ ಚತುರ್ಥೀ ವಿಭಕ್ತಿ ಪಾಠ. "ನನಗೆ ಚಳಿ" ಎಂಬುದಕ್ಕೆ ಜರ್ಮನ್‌ನಲ್ಲಿ "ಮಿಯರ್ ಇಸ್ಟ್ ಕಾಲ್ಟ್" ಎನ್ನುತ್ತಾರೆ. ಮಿಯರ್ ಎಂದರೆ ನನಗೆ. ಮಕ್ಕಳು ಪ್ರತಿ ವರ್ಷವೂ ಇಲ್ಲಿ ಎಡವುತ್ತಾರೆ. ಇಂಗ್ಲಿಷಿನ ಅಚ್ಚಿನಲ್ಲಿ ಯೋಚಿಸಿ "ಇಖ್ ಬಿನ್ ಕಾಲ್ಟ್" ಎಂದು ಬರೆಯುತ್ತಾರೆ. ಹಾಗೆಂದರೆ ನಾನು ತಣ್ಣನೆಯ ಮನುಷ್ಯ, ಮನಸ್ಸಿನಲ್ಲಿ ಬಿಸಿ ಇಲ್ಲದವನು ಎಂದಾಗುತ್ತದೆ. ಆ ದಿನವೂ ನಲವತ್ತೊಂಬತ್ತು ನೋಟುಬುಕ್ಕಿನಲ್ಲಿ ಅದೇ ತಪ್ಪು. ಯಾಕೆ "ಮಿಯರ್" ಬರಬೇಕು ಎಂದು ಮೂರನೆಯ ಸಲ ಹೇಳುತ್ತಿದ್ದಾಗ ಮೂರನೆಯ ಬೆಂಚಿನಿಂದ ಸಣ್ಣ ದನಿ ಬಂತು: "ನನಗ ಥಂಡಿ ಆಗ್ಯಾದ." ಹೇಳಿದ ಕೂಡಲೇ ಅವನು ನಾಲಿಗೆ ಕಚ್ಚಿಕೊಂಡ.

ನಾನು ಅಲ್ಲೇ ನಿಂತೆ. ಇಪ್ಪತ್ತು ವರ್ಷ ಈ ಪಾಠ ಮಾಡಿದ್ದೇನೆ, ಕನ್ನಡದಲ್ಲೇ ಉಸಿರಾಡಿದವಳು, ನನಗೇ ಹೊಳೆದಿರಲಿಲ್ಲ. ಚಳಿಯಾಗುವುದು ನನಗೆ, ಹಸಿವಾಗುವುದು ನನಗೆ, ನಾಚಿಕೆಯಾಗುವುದು ನನಗೆ. ನಾವು ಹುಟ್ಟಿದಾಗಿನಿಂದ ಹೀಗೇ ಹೇಳಿಕೊಂಡು ಬಂದವರು. ಉಳಿದ ಮಕ್ಕಳ ಮರಾಠಿಯಲ್ಲೂ ಚಳಿ "ಮಲಾ" ಆಗುತ್ತದೆ. ತರಗತಿಯಲ್ಲಿದ್ದ ಪ್ರತಿಯೊಬ್ಬರ ಮನೆಯ ಮಾತಿನಲ್ಲೂ ಈ ಪಾಠದ ಉತ್ತರ ಇತ್ತು. ಆದರೆ ಮನೆಯ ಮಾತನ್ನು ಚಪ್ಪಲಿಯ ಹಾಗೆ ಶಾಲೆಯ ಗೇಟಿನ ಹೊರಗೆ ಬಿಟ್ಟು ಬರುವುದನ್ನು ನಾವೇ ಕಲಿಸಿದ್ದೆವು. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂದಾಗ ಮಕ್ಕಳು ಹೆದರುತ್ತಾರೆ. ನಮ್ಮ ವಾಕ್ಯದಲ್ಲಿ ಅದು ಇನ್ನೆಲ್ಲಿರುತ್ತದೆ? ಇಪ್ಪತ್ತನಾಲ್ಕನ್ನು ಅವರು "ನಾಲ್ಕು ಮತ್ತು ಇಪ್ಪತ್ತು" ಎನ್ನುತ್ತಾರೆ ಎಂದರೆ ನಗುತ್ತಾರೆ. ಮರಾಠಿಯ "ಚೋವೀಸ್" ಕೂಡ ನಾಲ್ಕನ್ನೇ ಮೊದಲು ಹೇಳುತ್ತದೆ. ಹುಡುಗಿ ಎಂಬ ಪದ ಜರ್ಮನ್‌ನಲ್ಲಿ ನಪುಂಸಕಲಿಂಗ ಎಂದರೆ ಹುಡುಗಿಯರಿಗೆ ಸಿಟ್ಟು ಬರುತ್ತದೆ. ನಮ್ಮ ಊರಲ್ಲಿ ಅಜ್ಜಿ ತೊಟ್ಟಿಲು ಬಗ್ಗಿ ನೋಡಿ "ಕೂಸು ಎದ್ದೈತಿ" ಎನ್ನುವಾಗ ಯಾರಿಗೂ ಸಿಟ್ಟು ಬರುವುದಿಲ್ಲ. ಎಲ್ಲವೂ ಹೊಂದುತ್ತದೆ ಎಂದಲ್ಲ. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ ಎಂಬುದಕ್ಕೆ ನಮ್ಮ ಯಾವ ಭಾಷೆಯೂ ಆಸರೆಯಾಗುವುದಿಲ್ಲ, ಅದನ್ನು ಉರು ಹೊಡೆಯಲೇಬೇಕು.

ಆ ದಿನ ಬೋರ್ಡಿನ ಮೇಲೆ ಕನ್ನಡ, ಮರಾಠಿ, ಜರ್ಮನ್ ಮೂರು ವಾಕ್ಯ ಒಂದರ ಕೆಳಗೊಂದು ಬರೆದೆ. ಹುಡುಗ ತಲೆ ಎತ್ತಲಿಲ್ಲ. ಆದರೆ ಮುಂದಿನ ವಾರದಿಂದ ತರಗತಿ ಮುಗಿದ ಮೇಲೆ ಒಂದು ನಿಮಿಷ ನಿಂತು ಹೋಗತೊಡಗಿದ. ಏನೂ ಮಾತಾಡುತ್ತಿರಲಿಲ್ಲ. ಬೋರ್ಡ್ ಒರೆಸಿಕೊಟ್ಟು ಹೋಗುತ್ತಿದ್ದ.

2024ರ ಫೆಬ್ರವರಿ. ಹತ್ತನೆಯ ತರಗತಿಯ ಮಾತಿನ ಪರೀಕ್ಷೆ. ಆ ವರ್ಷ ಮುಖ್ಯಾಧ್ಯಾಪಕರು ದಾಖಲೆ ಸರಿಯಾಗಿರಬೇಕು ಎಂದು ಹೇಳಿದ್ದರು. ನಾನೇ ಒಂದು ಪಟ್ಟಿ ಮಾಡಿದ್ದೆ: ಉಚ್ಚಾರಣೆಗೆ ಇಷ್ಟು, ವ್ಯಾಕರಣಕ್ಕೆ ಇಷ್ಟು, ಪೂರ್ಣ ವಾಕ್ಯಕ್ಕೆ ಇಷ್ಟು, ತಡೆಯಿಲ್ಲದೆ ಹೇಳಿದ್ದಕ್ಕೆ ಇಷ್ಟು. ಈ ಸಲ ಪ್ರಾಮಾಣಿಕವಾಗಿ ಅಂಕ ಕೊಡುತ್ತೇನೆ ಎಂಬ ಹೆಮ್ಮೆಯೂ ಸ್ವಲ್ಪ ಇತ್ತು. ಹಾಳೆ ಮಾತ್ರ ಹಳೆಯದೇ. "ವಾಸ್ ಮಾಖ್ಟ್ ಡೈನ್ ಫಾಟರ್?" ಎಂದರೆ "ನಿನ್ನ ಅಪ್ಪ ಏನು ಮಾಡುತ್ತಾನೆ?" ಹಾಳೆಯ ಉತ್ತರ: "ಮೈನ್ ಫಾಟರ್ ಇಸ್ಟ್ ಇಂಜೆನ್ಯೋರ್." ನನ್ನ ಅಪ್ಪ ಎಂಜಿನಿಯರ್. ಬೆಳಗಿನಿಂದ ಮೂವತ್ತು ಮಕ್ಕಳ ಅಪ್ಪಂದಿರು ಎಂಜಿನಿಯರ್ ಆಗಿದ್ದರು. ಅವರಲ್ಲಿ ಒಬ್ಬನ ಅಪ್ಪನಿಗೆ ಔಷಧಿ ಅಂಗಡಿ ಇದೆ, ಒಬ್ಬಳ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

ಅವನ ಸರದಿ ಬಂತು. ಹೆಸರು, ಊರು, ಶಾಲೆ ಸರಸರ ಹೇಳಿದ. ಅಪ್ಪನ ಪ್ರಶ್ನೆ ಕೇಳಿದೆ. ಬಾಯಿ ತೆರೆದ, ಮುಚ್ಚಿದ. ಮೇಜಿನ ಅಂಚನ್ನು ಹಿಡಿದುಕೊಂಡ. ಆಮೇಲೆ ಒಂದೊಂದೇ ಪದ ಹುಡುಕಿ ಹುಡುಕಿ ಹೇಳಿದ: "ಮೈನ್ ಫಾಟರ್... ನಾಖ್ಟ್... ನಿಖ್ಟ್ ಶ್ಲಾಫೆನ್." ನನ್ನ ಅಪ್ಪ, ರಾತ್ರಿ, ನಿದ್ದೆ ಮಾಡು ಇಲ್ಲ. ಸ್ವಲ್ಪ ತಡೆದು, "ಆಂಡೆರೆ ಲಾಯ್ಟ ಶ್ಲಾಫೆನ್." ಬೇರೆ ಜನ ನಿದ್ದೆ ಮಾಡುತ್ತಾರೆ.

ನಾನು ಏನು ಮಾಡಿದೆ? ಪೆನ್ನು ಪಟ್ಟಿಯ ಮೇಲೆ ಓಡಿತು. ವ್ಯಾಕರಣ: ಕಳೆ. ಪೂರ್ಣ ವಾಕ್ಯ: ಕಳೆ. ತಡೆದು ತಡೆದು ಹೇಳಿದ: ಕಳೆ. ಮುಂದಿನ ಪ್ರಶ್ನೆಗೆ ಹೋದೆ, ಹವ್ಯಾಸ ಏನು ಎಂದೆ. ಅವನು ಮತ್ತೆ ಆ ರಾಗಕ್ಕೆ ಮರಳಲಿಲ್ಲ, ಸುಮ್ಮನೆ ಕೂತ. ಹದಿನಾಲ್ಕು ಎಂದು ಬರೆದು ಮುಂದಿನವರನ್ನು ಕರೆದೆ. ಹೊರಗೆ ಗೆಳೆಯನೊಬ್ಬ ಮರಾಠಿಯಲ್ಲಿ ಬೈಯುತ್ತಿದ್ದ: "ಇಂಜೆನ್ಯೋರ್ ಅಂದ್ರೆ ಮುಗೀತಿತ್ತಲ್ಲೋ!" ಇವನ ಉತ್ತರ ಬಾಗಿಲ ಸಂದಿಯಿಂದ ಕೇಳಿಸಿತು: "ಪಣ್ ತೇ ಖರಂ ನಾಹೀ ನಾ." ಆದರೆ ಅದು ನಿಜ ಅಲ್ಲವಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅವ್ವನಿಗೆ ಈಗ ಎಂಬತ್ತೆರಡು. ದಿನದ ಸುದ್ದಿ ಹೇಳುವ ಹಾಗೆ ಇದನ್ನೂ ಹೇಳಿದೆ, ಎಷ್ಟು ಚೆಂದದ ಮಾತು ನೋಡು ಎನ್ನುವ ಹಾಗೆ. ಅವ್ವ ಪೂರ್ತಿ ಕೇಳಿದಳು. "ಖರೇ ಮಾತ ಆಡೇತಿ ಕೂಸು" ಎಂದಳು. ಆಮೇಲೆ ಕೇಳಿದಳು, "ನೀ ಎಷ್ಟ ಕೊಟ್ಟಿ?"

ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಇಟ್ಟುಬಿಟ್ಟೆ.

ನಿದ್ದೆ ಬರಲಿಲ್ಲ. ಎದ್ದು ಅವನ ಎರಡು ವಾಕ್ಯಗಳನ್ನು ಒಂದು ಚೀಟಿಯಲ್ಲಿ ಬರೆದು ತಿದ್ದಲು ಕೂತೆ. ಮೊದಲನೆಯದರಲ್ಲಿ ಕ್ರಿಯಾಪದ ತಪ್ಪು, ರಾತ್ರಿ ಎಂಬುದರ ರೂಪ ತಪ್ಪು. ಎರಡನೆಯದಕ್ಕೆ ಬಂದಾಗ ಕೆಂಪು ಪೆನ್ನು ನಿಂತಿತು. "ಆಂಡೆರೆ ಲಾಯ್ಟ ಶ್ಲಾಫೆನ್." ಅದರಲ್ಲಿ ಒಂದೂ ತಪ್ಪಿಲ್ಲ. ಗುಣವಾಚಕ, ಬಹುವಚನ, ಕ್ರಿಯಾಪದ ಎಲ್ಲವೂ ಇರಬೇಕಾದ ಹಾಗೆಯೇ ಇವೆ. ಹಾಳೆಯಲ್ಲಿ ಆ ವಾಕ್ಯ ಇರಲಿಲ್ಲ. ನಾನು ಕಲಿಸಿದ ಪದಗಳಿಂದ, ನಾನು ಕಲಿಸದ ವಾಕ್ಯವೊಂದನ್ನು ಅವನೇ ಕಟ್ಟಿದ್ದ. ಭಾಷೆ ಕಲಿಯುವುದು ಎಂದರೆ ಅದೇ ತಾನೆ. ಇಪ್ಪತ್ತಮೂರು ವರ್ಷಗಳ ನನ್ನ ಮಾತಿನ ಪರೀಕ್ಷೆಗಳಲ್ಲಿ ಒಂದು ಮಗು ಜರ್ಮನ್ ಮಾತಾಡಿದ್ದು ಅದೇ ಮೊದಲು. ನಾನು ಅದಕ್ಕೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟಿದ್ದೆ.

ಬೆಳಿಗ್ಗೆ ಶಾಲೆಗೆ ಹೋದಾಗ ಪಟ್ಟಿಯನ್ನು ತಿದ್ದಬಹುದಿತ್ತು. ಅದಿನ್ನೂ ನನ್ನ ಕಪಾಟಿನಲ್ಲೇ ಇತ್ತು, ಕಳಿಸಿದ್ದು ನಾಲ್ಕು ದಿನ ಬಿಟ್ಟು. ಪೆನ್ನಿನಲ್ಲಿ ಬರೆದದ್ದನ್ನು ಹೊಡೆದು ಹಾಕಿದರೆ ಪ್ರಶ್ನೆ ಬರುತ್ತದೆ, ಒಬ್ಬನಿಗೆ ತಿದ್ದಿದರೆ ಉಳಿದವರು ಕೇಳುತ್ತಾರೆ, ಅವನು ನಮ್ಮ ಭಾಷೆಯವನು ಎಂದು ಯಾರಾದರೂ ಆಡಿಕೊಂಡಾರು. ಹೀಗೆ ನಾಲ್ಕು ದಿನವೂ ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಐದನೆಯ ದಿನ ಅದು ನನ್ನ ಕೈದಾಟಿ ಹೋಯಿತು. ಆಗ ಸ್ವಲ್ಪ ಹಗುರವೆನಿಸಿತು ಎಂಬುದನ್ನೂ ಮುಚ್ಚಿಡಬಾರದು.

ಫಲಿತಾಂಶದಲ್ಲಿ ಅವನಿಗೆ ಬರವಣಿಗೆಯಲ್ಲಿ ಎಂಬತ್ತಕ್ಕೆ ಎಪ್ಪತ್ತೊಂದು. ನನ್ನ ಹದಿನಾಲ್ಕು ಸೇರಿ ಎಂಬತ್ತೈದು. ಹನ್ನೊಂದನೆಯ ತರಗತಿಯ ಪ್ರವೇಶ ಅಂಕಗಳ ಮೇಲೆಯೇ ನಡೆಯುತ್ತದೆ, ಒಂದೊಂದು ಕಾಲೇಜಿನ ಬಾಗಿಲು ದಶಾಂಶದ ಮೇಲೆ ತೆರೆಯುತ್ತದೆ, ಮುಚ್ಚುತ್ತದೆ. ಐನೂರರಲ್ಲಿ ಐದು ಅಂಕ ಎಂದರೆ ಶೇಕಡಾ ಒಂದು. ಅವನಿಗೆ ಮನೆಯ ಹತ್ತಿರದ ಕಾಲೇಜು ಸಿಗಲಿಲ್ಲ, ನದಿಯಾಚೆಯದು ಸಿಕ್ಕಿತು. ಆ ಐದೇ ಅಂಕಗಳಿಂದ ಹಾಗಾಯಿತೋ ಎಂದು ನಾನು ಲೆಕ್ಕ ಹಾಕಲಿಲ್ಲ. ಹಾಕಲು ಧೈರ್ಯ ಸಾಲಲಿಲ್ಲ.

ಮುಂದಿನ ಜನವರಿಯಲ್ಲಿ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಸಿಕ್ಕ. ಎತ್ತರವಾಗಿದ್ದ, ಮೀಸೆಯ ನೆರಳು ಮೂಡಿತ್ತು. ಎರಡು ಬಸ್ಸು ಬದಲಿಸಿ ಹೋಗುತ್ತಾನಂತೆ. ಅಲ್ಲಿ ಜರ್ಮನ್ ಇಲ್ಲ. ಹೇಗಿದ್ದೀಯ, ಅಪ್ಪ ಹೇಗಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದೆ. ಅವನು ಉತ್ತರ ಕೊಟ್ಟದ್ದು ಕನ್ನಡದಲ್ಲಿ. ನನ್ನೊಡನೆ ಅದೇ ಮೊದಲು. "ಆರಾಮ ಅದಾರ್ರಿ ಅಕ್ಕೋರ." ಅಪ್ಪ ಕರೆದ ಹಾಗೆಯೇ ಕರೆದ. ಆಮೇಲೆ ಬಸ್ಸು ಬರುವ ದಾರಿಯ ಕಡೆ ನೋಡುತ್ತಾ ಕೇಳಿದ, "ಅವತ್ತ ನಾ ಹೇಳಿದ್ದು ತಪ್ಪಾಗಿತ್ತಲ್ರಿ, ಅದನ್ನ ಸರಿಯಾಗಿ ಹೆಂಗ ಹೇಳೂದು?"

ಒಂದು ವರ್ಷ ಅದನ್ನು ತಲೆಯಲ್ಲಿಟ್ಟುಕೊಂಡಿದ್ದನೇ? ಹೇಳಿಕೊಟ್ಟೆ. "ಮೈನ್ ಫಾಟರ್ ಶ್ಲೇಫ್ಟ್ ನಾಖ್ಟ್ಸ್ ನಿಖ್ಟ್." ಅವನು ತುಟಿಯಲ್ಲೇ ಎರಡು ಸಲ ಹೇಳಿಕೊಂಡ. ಎರಡನೆಯ ವಾಕ್ಯ ಮೊದಲೇ ಸರಿಯಾಗಿತ್ತು ಎಂದೆ. "ಹೌದ್ರಿ?" ಎಂದ, ನಂಬದವನ ಹಾಗೆ. ರಾತ್ರಿ ಕಾವಲುಗಾರನಿಗೆ ಜರ್ಮನ್‌ನಲ್ಲಿ ಒಂದು ಹಳೆಯ ಪದವೇ ಇದೆ, "ನಾಖ್ಟ್‌ವೆಖ್ಟರ್" ಎಂದೆ. ಪುಸ್ತಕದಲ್ಲಿ ಇರಲಿಲ್ಲವಲ್ಲ ಎಂದ. ನಿಜ. ನಮ್ಮ ವೃತ್ತಿಗಳ ಪಾಠದಲ್ಲಿ ಎಂಜಿನಿಯರ್, ವೈದ್ಯ, ಶಿಕ್ಷಕಿ, ವಕೀಲ ಇದ್ದಾರೆ. ಒಂದೇ ಒಂದು ಪದ ಕೊಟ್ಟಿದ್ದರೆ ಅವನು ಹಾಳೆಯ ಅಳತೆಯಲ್ಲೇ, ಸುಳ್ಳು ಹೇಳದೆ, ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆದುಕೊಂಡು ಹೋಗುತ್ತಿದ್ದ.

ಬಸ್ಸು ತಿರುವಿನಲ್ಲಿ ಕಾಣಿಸಿತು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನಿಸಿತು. "ನಿನಗ ಹದಿನಾಲ್ಕ ಕೊಟ್ಟಾಕಿ ನಾನ. ತಪ್ಪಾತು" ಎಂದೆ. "ಗೊತ್ತದರೀ" ಎಂದ. ಯಾವುದು ಗೊತ್ತು, ಅಂಕವೋ ತಪ್ಪೋ, ಕೇಳುವಷ್ಟರಲ್ಲಿ ಹತ್ತಿ ಹೋದ.

ಈಗ ಹಾಳೆ ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಐವತ್ತು ಮಕ್ಕಳು, ಮೂವತ್ತೈದು ನಿಮಿಷ ಹಾಗೆಯೇ ಇವೆ. ತಂದೆತಾಯಂದಿರ ಪ್ರಶ್ನೆಯೂ ಹಾಗೆಯೇ ಇದೆ. ಎರಡು ಬದಲಾವಣೆ ಮಾತ್ರ ಮಾಡಿದ್ದೇನೆ. ಪರೀಕ್ಷೆಯಲ್ಲಿ ಹಾಳೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಎಷ್ಟು ಮುರುಕು ಜರ್ಮನ್‌ನಲ್ಲಿ ಉತ್ತರ ಕೊಟ್ಟರೂ ಪೂರ್ತಿ ಅಂಕ, ಬಾಯಿ ತೆರೆದರೆ ಸಾಕು. ಕಳೆದ ವರ್ಷ ಇಬ್ಬರು ತಾಯಂದಿರು ಬಂದು ಪಾಠದ ಹೊರಗಿನದನ್ನು ಕೇಳುವುದು ಅನ್ಯಾಯ ಎಂದರು. ಮುಖ್ಯಾಧ್ಯಾಪಕರು ಕರೆದು ವಿಚಾರಿಸಿದರು. ಅಂಕ ಯಾರಿಗೂ ಕಡಿಮೆಯಾಗಿಲ್ಲ ಎಂದು ತೋರಿಸಿದ ಮೇಲೆ ಸುಮ್ಮನಾದರು.

ಇನ್ನೊಂದು, ಜೂನ್‌ನ ಮೊದಲ ವಾರ ಎಂಟನೆಯ ತರಗತಿಯ ಮಕ್ಕಳಿಗೆ ಒಂದೊಂದು ಚೀಟಿ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ ಎನ್ನುತ್ತೇನೆ. ಹೆಸರು ಬರೆಯಬೇಕಾಗಿಲ್ಲ. ಆ ಚೀಟಿಗಳನ್ನು ಮನೆಗೆ ತಂದು ನಿಘಂಟು ಹಿಡಿದು ಕೂರುತ್ತೇನೆ. ವೃತ್ತಿಗಳ ಪಾಠಕ್ಕೆ ಬರುವ ಹೊತ್ತಿಗೆ ತರಗತಿಯ ಪ್ರತಿ ಮನೆಗೂ ಒಂದು ಪದ ಸಿದ್ಧವಾಗಿರಬೇಕು. ರಿಕ್ಷಾ ಓಡಿಸುವವರು, ಹೊಲಿಗೆಯವರು, ಬ್ಯಾಂಕಿನವರು, ಕೆಲಸ ಹೋದವರು. ಈ ವರ್ಷದ ಒಂದು ಚೀಟಿ ಮಾತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಮರಾಠಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದದ್ದು: ಅಮ್ಮ ಐದು ಮನೆಗಳಿಗೆ ಹೋಗಿ ಪೋಳಿ ಲಟ್ಟಿಸುತ್ತಾಳೆ, ಮನೆಗೆ ಬಂದು ನಮಗೆ ಅನ್ನ ಮಾಡುತ್ತಾಳೆ. ಇದಕ್ಕೆ ಒಂದು ಪದ ಸಾಲುವುದಿಲ್ಲ, ಒಂದು ವಾಕ್ಯವೇ ಬೇಕು. ಬರೆಯುತ್ತಿದ್ದೇನೆ.